ಜೋಳದ ಹೊಲದಲ್ಲಿ ಕಾಕಾನ ದನಿ

ನಾನು ಬರೆದ ಮೊದಲ ಪ್ರೋಗ್ರಾಂ ಒಂದು ಪುಟ್ಟ ಕೆಂಪು ದೀಪವನ್ನು ಮಿಣುಕಿಸುವುದಕ್ಕೆ. ಎಲೆಕ್ಟ್ರಾನಿಕ್ಸ್ ಓದುವವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ, ನಾನೇನು ಶೂರಳಲ್ಲ. ಅಂಗೈಯಗಲದ ನೀಲಿ ಬೋರ್ಡು, ಅದಕ್ಕೆ ಸಿಕ್ಕಿಸಿದ ದೀಪ, ಲ್ಯಾಪ್‌ಟಾಪಿನಲ್ಲಿ ನಾಲ್ಕು ಸಾಲು: ಹಚ್ಚು, ಕಾಯು, ಆರಿಸು, ಕಾಯು. ಕಾಲೇಜು ಹುಬ್ಬಳ್ಳಿಯಲ್ಲಿ, ಮನೆ ಶಲವಡಿಯ ಹತ್ತಿರದ ಹಳ್ಳಿಯಲ್ಲಿ. ಲ್ಯಾಬಿನಲ್ಲಿ ನನ್ನ ಪಾಳಿ ಬರುವ ಹೊತ್ತಿಗೆ ನವಲಗುಂದದ ಬಸ್ಸು ಹೋಗಿರುತ್ತಿತ್ತು. ಹಾಗಾಗಿ ಮೇಡಂ ಅವರನ್ನು ಕಾಡಿ ಬೇಡಿ ಬೋರ್ಡನ್ನು ಮನೆಗೇ ತಂದೆ, ಎಲ್ಲರನ್ನೂ ಪಡಸಾಲೆಗೆ ಕರೆದು ಕೂಡಿಸಿದೆ, ವೈರು ಚುಚ್ಚಿದೆ.

ದೀಪ ಹತ್ತಿತು. ಹತ್ತಿದ್ದು ಹಾಗೇ ಉಳಿಯಿತು.

"ಎಲ್ಲಿ ಮಿಣುಕಾಕತ್ತೇತಿ? ಸುಮ್ಕ ಹತ್ತಿ ನಿಂತೇತಿ," ಅಂದಳು ಅವ್ವ. ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳು, ಕೈತುಂಬ ಹಿಟ್ಟು.

"ಮಿಣುಕಾಕತ್ತೇತಿ. ನಿನಗ ಕಾಣವಲ್ದು."

"ನನ್ನ ಕಣ್ಣಿಗೇನ್ ಧಾಡಿ ಆಗೇತಿ?"

ನಾನು ಬಿಡುವವಳಲ್ಲ. ಪ್ರೋಗ್ರಾಮಿನಲ್ಲಿ ಮಿಣುಕು ಅಂತ ಬರೆದಿದ್ದೇನೆ, ಆದ್ದರಿಂದ ಅದು ಮಿಣುಕುತ್ತಿದೆ ಅಂತ ವಾದಕ್ಕೆ ಬಿದ್ದೆ. ಅಪ್ಪ ಶಾಲೆಯ ಮಾಸ್ತರು, ಕನ್ನಡಕ ಏರಿಸಿ ನೋಡಿ ಎದ್ದು ಹೋದ. ನನ್ನ ಪಕ್ಷ ಹಿಡಿದವನು ಕಾಕಾ ಒಬ್ಬನೇ. ಕಾಕಾ ಅಂದರೆ ಅಪ್ಪನ ತಮ್ಮ. ಮದುವೆ ಮಾಡಿಕೊಳ್ಳಲಿಲ್ಲ, ನಮ್ಮ ಜೊತೆಗೇ ಇದ್ದಾನೆ, ಹೊಲ ನೋಡಿಕೊಳ್ಳುತ್ತಾನೆ. "ನನಗ ಕಾಣ್ತೈತಲ್ಲ! ಮಿಣುಕ್ ಮಿಣುಕ್, ಅಗದಿ ಛಂದ," ಅಂದುಬಿಟ್ಟ.

ಆಮೇಲೆ ತಿಳಿಯಿತು, ಆ ಬೋರ್ಡು ಕಾಯುವುದನ್ನು ಸೆಕೆಂಡಿನಲ್ಲಿ ಎಣಿಸುವುದಿಲ್ಲ, ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಎಣಿಸುತ್ತದೆ. ನಾನು ಒಂದು ಅಂತ ಬರೆದಿದ್ದೆ. ದೀಪ ನಿಜಕ್ಕೂ ಮಿಣುಕುತ್ತಿತ್ತು, ಯಾವ ಮನುಷ್ಯನ ಕಣ್ಣಿಗೂ ಕಾಣದಷ್ಟು ಅವಸರದಲ್ಲಿ. ಸರಿಮಾಡಿ ಮತ್ತೆ ತೋರಿಸಿದೆ. ಈ ಸಲ ಅದು ಸಾವಕಾಶವಾಗಿ ಹತ್ತಿ ಆರಿತು.

"ಈಗ ಕಾಣಾಕತ್ತು ನೋಡು," ಅಂದಳು ಅವ್ವ. "ಇದನ್ನ ಕಲಿಯಾಕ ದಿನಾ ಹುಬ್ಬಳ್ಳಿತನಾ ಬಸ್ಸಿನ್ಯಾಗ ನಿಂತು ಹೋಗ್ತೀಯೇನಬೇ?"

"ಮದಲಿಂದ ಹಿಂಗ ಇತ್ತಲ್ಲ," ಅಂದ ಕಾಕಾ, ಮುಖದಲ್ಲಿ ಒಂದಿಷ್ಟೂ ನಾಚಿಕೆ ಇಲ್ಲದೆ. ಇಂಥವನ ಮೇಲೆ ಪ್ರೀತಿ ಬರದೆ ಇರುತ್ತದೆಯೇ?

ಎರಡನೇ ವರ್ಷ ಒಂದು ಸಣ್ಣ ಗಾಡಿ ಮಾಡಿದೆ. ಬಿಳಿ ಹಾಳೆಯ ಮೇಲೆ ಕಪ್ಪು ಪಟ್ಟಿ ಅಂಟಿಸಿದರೆ ಪಟ್ಟಿ ಹಿಡಿದುಕೊಂಡು ತಾನೇ ಓಡುವ ಗಾಡಿ. ಕಾಲೇಜಿನ ನೆಲದ ಮೇಲೆ ಅದು ಎಷ್ಟು ಚೆನ್ನಾಗಿ ತಿರುಗುತ್ತಿತ್ತೆಂದರೆ ಗೆಳತಿಯರೆಲ್ಲ ಚಪ್ಪಾಳೆ ತಟ್ಟಿದ್ದರು. ಆ ಹಮ್ಮಿನಲ್ಲಿ ಊರಿಗೆ ತಂದು ಅಂಗಳದಲ್ಲಿ ಬಿಟ್ಟೆ. ನಮ್ಮದು ಎರೆಭೂಮಿ. ಅಂಗಳವೆಂದರೆ ಅಂಗಳ ಪೂರ್ತಿ ಕಾಡಿಗೆ ಕಪ್ಪು. ಕಪ್ಪು ಕಂಡಲ್ಲಿ ಹೋಗು ಅಂತ ಕಲಿಸಿದ ಗಾಡಿಗೆ ಇಡೀ ಜಗತ್ತೇ ದಾರಿಯಾಗಿ ಕಂಡಿತು. ಎಲ್ಲಿಯೂ ತಿರುಗದೆ ನೆಟ್ಟಗೆ ಹೋಗಿ ಎಮ್ಮೆಯ ಕಾಲಿನ ಕೆಳಗೆ ನಿಂತಿತು, ಎಮ್ಮೆ ಕಾಲು ಬದಲಿಸಿತು. ಚೂರುಗಳನ್ನು ಆರಿಸಿ ಕೊಟ್ಟವನೂ ಕಾಕಾನೇ. "ದಾರಿ ತಪ್ಪಿಲ್ಲಬೇ ಅದು, ದಾರಿ ಜಾಸ್ತಿ ಆಗೇತಿ," ಅಂತ ಸಮಾಧಾನ ಬೇರೆ.

ಕಾಕಾನ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಅವನು ನಮ್ಮೂರ ಮಠದ ಭಜನೆಯ ಮುಂದಿನ ದನಿ. ಸೋಮವಾರ ಸಂಜೆ ಜಮಖಾನ ಹಾಸಿ ಕೂತರೆ, ಅವನು ಒಂದು ಸೊಲ್ಲು ಹಾಡುತ್ತಾನೆ, ಅದನ್ನು ಹಿಂದಿನವರು ಎತ್ತಿಕೊಳ್ಳಬೇಕು. ಎತ್ತಿಕೊಳ್ಳುವವರಲ್ಲಿ ಮೊದಲಿಗರು ನಮ್ಮ ಹೊಲದ ಬಾಜೂ ಹೊಲದವರು. ಹಾರ್ಮೋನಿಯಂ ನುಡಿಸುತ್ತಾರೆ. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತೇವೆ, ಹಾಗಾಗಿ ನನಗೆ ಅವರು ಚಿಕ್ಕಂದಿನಿಂದ ಪೇಟಿ ಮಾಮಾ. ಕಾಕಾನ ಸೊಲ್ಲು ಮುಗಿಯುವ ಮುಂಚೆಯೇ ಮಾಮಾನ ಬಾಯಿ ತೆರೆದಿರುತ್ತಿತ್ತು. ಇಬ್ಬರೂ ಲಂಗೋಟಿ ದೋಸ್ತರು.

ಹೋದ ವರ್ಷ ಶ್ರಾವಣದಲ್ಲಿ ಕಾಕಾ ಒಂದು ದಿನ ಹಾಡನ್ನು ಬಹಳ ಎತ್ತರಕ್ಕೆ ಹಿಡಿದ. ಮಾಮಾ ಪೇಟಿಯ ಮೇಲೆ ಸುರ ಹುಡುಕಿದರು, ಸಿಗಲಿಲ್ಲ, ದನಿ ಒಡೆಯಿತು. ಅಷ್ಟಕ್ಕೆ ಸುಮ್ಮನಿರಬೇಕೋ ಬೇಡವೋ? ಕಾಕಾ ಮೈಕು ಬಾಯಿಗೆ ಹಿಡಿದುಕೊಂಡೇ, "ಎಲ್ಲಿ ಹೊಂಟೀಯೋ ಪುಣ್ಯಾತ್ಮಾ? ನಿದ್ದಿ ಮಾಡಾಕತ್ತೀಯೇನು?" ಅಂದುಬಿಟ್ಟ. ಮಠದ ಬೇವಿನ ಮರದ ಮೇಲೆ ಕಟ್ಟಿದ ಸ್ಪೀಕರು ಅದನ್ನು ಊರಿಗೆಲ್ಲ ಹಂಚಿತು. ಮನೆಯಲ್ಲಿ ಕೂತಿದ್ದ ನಮಗೂ ಕೇಳಿಸಿತು, ಅವ್ವ ಹಣೆ ಬಡಿದುಕೊಂಡಳು. ಮಾಮಾ ಹಾಡಿನ ನಡುವೆಯೇ ಎದ್ದರಂತೆ. ಪೇಟಿಯ ಕೊಂಡಿ ಹಾಕಿ, ಬಗಲಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿ ಮನೆಗೆ ಹೋದರಂತೆ. ಅಂದಿನಿಂದ ಭಜನೆ ನಿಂತಿತು, ಮಾತೂ ನಿಂತಿತು.

ಚಳಿಗಾಲದ ಹೊತ್ತಿಗೆ, ಶಿವರಾತ್ರಿಗೆ ಬೇರೆ ಊರಿನ ಮೇಳ ಕರೆಸೋಣ ಅಂತ ಮಠದ ಹಿರಿಯರು ಮಾತಾಡತೊಡಗಿದ್ದರು. ಕಾಕಾನಿಗೆ ಅದು ಎದೆಗೆ ನಾಟಿತ್ತು. ಹೇಳಿಕೊಳ್ಳುತ್ತಿರಲಿಲ್ಲ, ಆದರೆ ಹಾಡುವುದನ್ನೇ ಬಿಟ್ಟಿದ್ದ. ಎಮ್ಮೆ ಹಿಂಡುವಾಗ ಸಹ ಗುನುಗುತ್ತಿದ್ದವನು ಈಗ ಬಾಯಿ ಮುಚ್ಚಿಕೊಂಡು ಹಿಂಡುತ್ತಿದ್ದ.

ಒಂದು ಭಾನುವಾರ ಅವನಿಗೆ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದೆ. ಸುತ್ತ ಎಲ್ಲರೂ ಕಡಲೆ ಬಿತ್ತಿದ್ದರು, ಬಿಳಿಜೋಳ ಅಂತ ಇದ್ದದ್ದು ಆ ಕಡೆಗೆಲ್ಲ ನಮ್ಮದೇ. ತೆನೆ ಹಾಲುಗಾಳಾಗಿತ್ತು. ಸೀಮೆಯ ಗಿಣಿ, ಗುಬ್ಬಿ, ಬೆಳವ ಎಲ್ಲವೂ ನಮ್ಮ ಹೊಲಕ್ಕೇ ಊಟಕ್ಕೆ ಬರುತ್ತಿದ್ದವು. ಕಾಕಾ ಹಕ್ಕಿ ಕಾಯಲು ಕಟ್ಟಿದ ಅಟ್ಟದ ಮೇಲೆ ಕೂತು ಕವಣೆ ಬೀಸುತ್ತ, ಡಬ್ಬಿ ಬಡಿಯುತ್ತ, ಕೂಗಿ ಕೂಗಿ ಗಂಟಲು ಕೆಡಿಸಿಕೊಂಡಿದ್ದ. ಅಲ್ಲಿಂದ ಬದುವಿನ ಆಚೆ ಪೇಟಿ ಮಾಮಾನ ಕಡಲೆ ಹೊಲ ಕಾಣುತ್ತದೆ. ಮಾಮಾ ಬಗ್ಗಿ ಏನೋ ಮಾಡುತ್ತಿದ್ದರು. ಕಾಕಾ ರೊಟ್ಟಿ ಮುರಿಯುತ್ತ ಅತ್ತಲೇ ನೋಡುತ್ತಿದ್ದ.

"ಹೋಗಿ ತಪ್ಪಾತು ಅಂತ ಒಂದ್ ಮಾತು ಅನ್ನಬಾರದೇನ್ ಕಾಕಾ?"

"ಬಾಯಿಗೆ ಬರವಲ್ದು."

"ಮೈಕಿನ್ಯಾಗ ಬೈಯಾಕ ಬಂತು?"

"ಅದು ಸಿಟ್ಟಿನ ಬಾಯಿಬೇ. ಅದು ಯಾವಾಗ್ಲೂ ತಯಾರ ಇರ್ತೈತಿ," ಅಂದ. ಮುರಿದ ರೊಟ್ಟಿಯನ್ನು ಬುತ್ತಿಗೇ ಹಾಕಿ, "ಅವ ಇಲ್ದ ನನಗ ಹಾಡಾಕ ಬರೂದಿಲ್ಲ. ನಾ ಒಂದ್ ಸೊಲ್ಲು ಅಂದ್ನೆಂದ್ರ ಅವ ಎತ್ಕೋಬೇಕು. ಯಾರೂ ಎತ್ಕೊಳ್ಳಲಿಲ್ಲಂದ್ರ ಅದು ಅಲ್ಲೇ ಬಿದ್ದಿರ್ತೈತಿ," ಅಂದ. ಅವನು ಹಾಗೆ ನೇರವಾಗಿ ಹೇಳಿದ್ದು ಅದೇ ಮೊದಲು.

ದೋಸ್ತಿ ಕೂಡಿಸುವ ವಿದ್ಯೆ ನನಗೆ ಕಾಲೇಜಿನಲ್ಲಿ ಕಲಿಸಿರಲಿಲ್ಲ. ಹಕ್ಕಿ ಓಡಿಸುವುದಾದರೂ ಮಾಡೋಣ ಅನ್ನಿಸಿತು, ಗಂಟಲಾದರೂ ಉಳಿಯಲಿ. ಆ ಸೆಮಿಸ್ಟರಿಗೆ ಒಂದು ಪ್ರಾಜೆಕ್ಟು ಬೇಕಾಗಿತ್ತು. ನನ್ನ ಗುಂಪಿನ ಗೆಳತಿಯರು ಹುಬ್ಬಳ್ಳಿಯವರು. ವರದಿ ಬರೆಯುವುದು ಅವರಿಗೆ, ಬೆದರುಗೊಂಬೆ ಮಾಡುವುದು ನನಗೆ ಅಂತ ಹಂಚಿಕೊಂಡೆವು.

ಗೊಂಬೆ ಅಂದರೆ ಸುಮ್ಮನೆ ನಿಲ್ಲುವ ಗೊಂಬೆಯಲ್ಲ. ನವಲಗುಂದದ ಗುಜರಿ ಅಂಗಡಿಯಲ್ಲಿ ಹಳೆಯ ಕಾರಿನ ವೈಪರ್ ಮೋಟಾರು ಸಿಕ್ಕಿತು. ಅದನ್ನು ಭುಜಕ್ಕೆ ಕಟ್ಟಿದರೆ ತೋಳು ಬೀಸುತ್ತದೆ. ಔಷಧ ಹೊಡೆಯುವ ಪಂಪಿನ ಬ್ಯಾಟರಿ ಹೊಟ್ಟೆಯಲ್ಲಿ. ಎದೆಯಲ್ಲಿ ನನ್ನ ನೀಲಿ ಬೋರ್ಡು, ಮೆಮೊರಿ ಕಾರ್ಡಿನಿಂದ ದನಿ ಹೊರಡಿಸುವ ಒಂದು ಚಿಕ್ಕ ಸಾಧನ, ಒಂದು ಸ್ಪೀಕರು. ಯಾರಾದರೂ ಎದುರಿಗೆ ಅಲುಗಾಡಿದರೆ ಅವರ ಮೈಯ ಬಿಸಿಯಿಂದ ಗುರುತು ಹಿಡಿಯುವ ಸೆನ್ಸರು. ತಲೆಗೆ ಗಡಿಗೆ, ಮೈಗೆ ಕಾಕಾನ ಹಳೆ ಅಂಗಿ, ಮೇಲೆ ಅವನದೇ ಟೋಪಿ. ಅವ್ವ ನೋಡಿ, "ಇದು ನಿಮ್ಮ ಕಾಕಾನಕಿಂತ ಚಲೋ ಕಾಣ್ತೈತಿ," ಅಂದಳು.

ದನಿಗೆ ಕಾಕಾನನ್ನು ಹೊಲದಲ್ಲಿ ನಿಲ್ಲಿಸಿ ಫೋನು ಹಿಡಿದೆ. "ಹೋ ಹೋ ಅನ್ನು" ಅಂದರೆ ಗಂಡಿನವರೆದುರು ಕೂತ ಹುಡುಗಿಯ ಹಾಗೆ ನಾಚಿದ. ಅಷ್ಟರಲ್ಲಿ ಗಿಣಿಯ ಹಿಂಡೊಂದು ಬಂದು ತೆನೆಗಳ ಮೇಲೆ ಇಳಿಯಿತು. ಕಾಕಾನ ಸಿಟ್ಟಿನ ಬಾಯಿ ತಾನೇ ತೆರೆದುಕೊಂಡಿತು: "ಬಂದ್ಯಾ? ಮತ್ತ ಬಂದ್ಯಾ? ನಾಚಿಕಿ ಐತೇನ್ ನಿನಗ? ಇನ್ನೊಮ್ಮಿ ಈ ಕಡೆ ಕಾಲಿಟ್ಟಿ ಅಂದ್ರ ಕಾಲ ಮುರದು ಕೈಯಾಗ ಕೊಡ್ತೀನಿ! ನಡೀ, ನಡೀ!" ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಕ್ಕೀತು? ಅದನ್ನೇ ಗೊಂಬೆಗೆ ಹಾಕಿದೆ.

ಅಂಗಳದಲ್ಲಿ ಪರೀಕ್ಷೆ ನಡೆಯಿತು. ಅಪ್ಪ ಎದುರಿಗೆ ಹಾಯ್ದ, ಗೊಂಬೆ ತೋಳು ಬೀಸಿ ಬೈಯಿತು. ಅವ್ವ ಕೊಡ ತಂದಳು, ಅವಳನ್ನೂ ಬೈಯಿತು. ನನಗಾದ ಖುಷಿ ಅಷ್ಟಿಷ್ಟಲ್ಲ, ಕುಣಿದಾಡಿದೆ. ಮನೆಯಲ್ಲಿ ಹಕ್ಕಿ ಇರಲಿಲ್ಲ, ನಾವಿದ್ದೆವು, ಹಾಗಾಗಿ ಮನುಷ್ಯರ ಮೇಲೆಯೇ ಪರೀಕ್ಷೆ ಮುಗಿಸಿ ಪಾಸು ಮಾಡಿ ಹೊಲದಲ್ಲಿ ನಿಲ್ಲಿಸಿ ಬಂದೆವು. ಬದುವಿನ ಹತ್ತಿರ, ಜೋಳದ ಮೊದಲ ಸಾಲುಗಳ ಒಳಗೆ. ಜೋಳ ಆಳೆತ್ತರ ಇತ್ತು, ಹೊರಗಿನಿಂದ ಗೊಂಬೆಯ ಟೋಪಿ ಅಷ್ಟೇ ಕಾಣುತ್ತಿತ್ತು.

ಮರುದಿನ ಸಂಜೆ ಬಸ್ಸಿಳಿದು ಮನೆಗೆ ಬಂದರೆ ಪಡಸಾಲೆಯಲ್ಲಿ ಜಗಳ. ಪೇಟಿ ಮಾಮಾನ ಹೆಂಡತಿ, ನಾನು ಅತ್ತಿ ಅನ್ನುವವರು, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದರು.

"ಹಸಿ ಕಡ್ಲಿ ಸೂಡು ಕಟ್ಕೊಂಡು ಹೋಗಿದ್ರು ನಮ್ಮನಿಯವ್ರು, ನಿಮ್ಮ ಹೊಲಕ್ಕ! ಎಲ್ಲಾ ಮರ್ತು ಮಾತಾಡಸೂಣು ಅಂತ! ಕಾಲ ಮುರದು ಕೈಯಾಗ ಕೊಡ್ತೀನಿ ಅಂದ್ರಂತಲ್ಲ ನಿಮ್ಮ ಮೈದುನಾ?"

ನಮ್ಮ ಕಡೆ ಅದೊಂದು ರೂಢಿ. ಕಡಲೆ ಕಾಯಿಗಟ್ಟಿದಾಗ ಬಾಜೂ ಹೊಲದವರಿಗೆ ಹಸಿ ಕಡಲೆ ಕೊಡುತ್ತಾರೆ, ಜೋಳದವರು ಎಳೆ ತೆನೆ ಸುಟ್ಟು ಸೀತನಿ ಉದುರಿಸಿ ಕೊಡುತ್ತಾರೆ. ಮನೆಗೆ ಬಂದು ಕ್ಷಮಿಸಿದೆ ಅನ್ನುವುದು ಮಾಮಾನಿಗೂ ಕಷ್ಟವೇ. ಹೊಲದಲ್ಲಾದರೆ ಕಡಲೆ ಕೊಟ್ಟೆ, ಸೀತನಿ ತಿಂದೆ, ಮುಗಿಯಿತು. ಅದಕ್ಕಾಗಿ ಅವರು ಬದು ದಾಟಿದ್ದರು. ಹಕ್ಕಿ ಬಂದರೆ ಅದರ ಪುಟ್ಟ ಮೈಯ ಬಿಸಿ ತಿಳಿಯದೆ ಸುಮ್ಮನಿರುವ, ಮನುಷ್ಯ ಬಂದರೆ ಬೈಯುವ ನನ್ನ ಗೊಂಬೆ, ಅವರ ದೋಸ್ತನ ದನಿಯಲ್ಲಿಯೇ ಅವರನ್ನು ಓಡಿಸಿತ್ತು.

"ನಾ ಆ ಹೊತ್ತಿನ್ಯಾಗ ಮನ್ಯಾಗ ರೊಟ್ಟಿ ತಿನ್ನಾಕತ್ತಿದ್ನವಾ!" ಅಂದ ಕಾಕಾ.

"ಅತ್ತೀ, ಅದು ಗೊಂಬಿರಿ. ನಾ ಮಾಡಿದ್ದು. ಹಕ್ಕಿಗೆ ಬೈಯೂದ್ರಿ ಅದು."

"ಗೊಂಬಿಗೆ ಮಾತು ಕಲಿಸಿದವ್ರು ಯಾರು?"

ಎಲ್ಲರೂ ಕಾಕಾನ ಕಡೆ ನೋಡಿದರು. ಮೊದಲು ಬಾಯಿ ಮಾತಿನಲ್ಲಿ ಬೈದಿದ್ದ, ಈಗ ಗೊಂಬೆ ಮಾಡಿ ಬದುವಿನ ಮೇಲೆ ನಿಲ್ಲಿಸಿ ಬೈಸಿದ, ಅಂತ ಆಯಿತು. ನಾನು ವಿವರಿಸಿದಷ್ಟೂ ಕೆಡುತ್ತ ಹೋಯಿತು. ಬಾಗಿಲು ದಾಟುವಾಗ ಅತ್ತಿ ತಿರುಗಿ ನಿಂತು, "ಶ್ರಾವಣದಾಗೂ ಎತ್ತರ ಹಿಡದಾವ್ರು ಯಾರು? ನಮ್ಮನಿಯವ್ರ ದನಿ ಅಲ್ಲಿತನಾ ಏರ್ತೈತೇನು? ಇಷ್ಟ್ ವರ್ಷ ಕೂಡಿ ಹಾಡಿದವ್ರಿಗೆ ಗೊತ್ತಿರಬಾರದೇನು?" ಅಂದು ಹೋದರು. ಕಾಕಾ ಕಂಬಕ್ಕೆ ಆನಿಕೊಂಡು ಕೂತವನು ಕೂತೇ ಇದ್ದ.

ಮರುದಿನ ಕಾಲೇಜಿಗೆ ಚಕ್ಕರ್ ಹೊಡೆದು ಹೊಲಕ್ಕೆ ಹೋದೆ. ಬದುವಿನ ಮೇಲೆ ಕಡಲೆಯ ಸೂಡು ಬಿದ್ದಿತ್ತು, ಬಾಡಿತ್ತು. ಗೊಂಬೆಯ ಟೋಪಿಯ ಮೇಲೆ ಒಂದು ಗಿಣಿ ಕೂತಿತ್ತು. ಹೋಗಿ ಅದರ ಹೊಟ್ಟೆಯ ವೈರು ಕಿತ್ತೆ. ನನಗೆ ಅಳು ಬಂತು, ಅತ್ತುಬಿಟ್ಟೆ, ಯಾರಿಗೇನು ನಾಚಿಕೆ. ಹಿಂದೆಯೇ ಕಾಕಾ ಬಂದಿದ್ದ.

"ಇದನ್ನ ಬಿಚ್ಚಿ ಹಾಕ್ತೀನಿ," ಅಂದೆ.

"ಬ್ಯಾಡ. ಬೈಗಳ ತಗಿ. ಬ್ಯಾರೆ ಹಾಕೂಣು."

"ಏನ್ ಹಾಕ್ತಿ? ತಪ್ಪಾತು ಅಂತ ಅನ್ನು, ಅದನ್ನ ಹಾಕ್ತೀನಿ."

ಅವನು ಬದುವಿನ ಮೇಲೆ ಕೂತ. ತಲೆಯ ಮೇಲಿನ ಟೋಪಿ ತೆಗೆದು ಪಕ್ಕಕ್ಕಿಟ್ಟ. ಫೋನು ಹಿಡಿ ಅಂತ ಸನ್ನೆ ಮಾಡಿದ. ಕಣ್ಣು ಮುಚ್ಚಿ ಹಾಡಲು ಶುರು ಮಾಡಿದ, ಶ್ರಾವಣದಲ್ಲಿ ಅರ್ಧಕ್ಕೆ ನಿಂತ ಅದೇ ಹಾಡು. ಒಂದು ಸೊಲ್ಲು ಪೂರ್ತಿ ಆಗುವ ಮೊದಲೇ ತಾನೇ ತಡೆದ. "ಎತ್ತರ ಆತು," ಅಂದ. ಕೆಮ್ಮಿ ಗಂಟಲು ಸರಿಮಾಡಿಕೊಂಡು ಮತ್ತೆ ಹಿಡಿದ, ಈ ಸಲ ಇಳಿಸಿ, ನಾನು ಅವನ ಬಾಯಿಂದ ಎಂದೂ ಕೇಳಿರದಷ್ಟು ಮೆತ್ತಗೆ. ಸೊಲ್ಲು ಮುಗಿಯಿತು.

"ಇಷ್ಟ ಹಾಕು."

"ಮುಂದಿಂದು?"

"ಮುಂದಿಂದು ನಂದಲ್ಲ."

ನಾನು ಪ್ರೋಗ್ರಾಂ ತಿದ್ದಿದೆ. ತೋಳು ಬೀಸುವುದು ಬೇಡ ಅಂದ ಕಾಕಾ, ತೆಗೆದೆ. ಒಂದು ಸೊಲ್ಲು ಹಾಡು, ಆಮೇಲೆ ಕಾಯು. ಎಷ್ಟು ಕಾಯಬೇಕು ಅಂತ ಕೇಳಿದರೆ, ಮಾಮಾ ಉತ್ತರ ಹಾಡುವುದನ್ನು ಮನಸ್ಸಿನಲ್ಲಿಯೇ ಕೇಳಿಕೊಳ್ಳುತ್ತ ಮೊಣಕಾಲಿನ ಮೇಲೆ ತಾಳ ಹಾಕಿ ತೋರಿಸಿದ. ಅದು ಮುಗಿಯುವವರೆಗೆ ಯಾರು ಅಲುಗಾಡಿದರೂ ಗೊಂಬೆ ಬಾಯಿ ತೆರೆಯಬಾರದು, ಹಾಗೆ ಬರೆದೆ. ದೀಪಕ್ಕೆ ಕಾಯಲು ಬಿಡದ ಹುಡುಗಿ ನಾನು, ಈ ಸಲ ಸಾವಿರದ ಲೆಕ್ಕವನ್ನು ಮೂರು ಸಲ ತಿದ್ದಿ ನೋಡಿದೆ.

ಎರಡು ದಿನ ಮಾಮಾ ಹೊಲದ ಕಡೆ ಬರಲಿಲ್ಲ. ಹಕ್ಕಿಗಳಿಗೆ ಹಬ್ಬ. ಮೊದಲು ಅವುಗಳಿಗೆ ಬೈಯದ ಗೊಂಬೆ ಈಗ ಹಾಡುತ್ತದೆಯೇ? ಭಾನುವಾರ, ಪ್ರಾಜೆಕ್ಟಿಗೆ ವಿಡಿಯೋ ಬೇಕು ಅಂತ ನಾನು ಫೋನು ಹಿಡಿದು ಹೊಲಕ್ಕೆ ಹೋದೆ. ಕಾಕಾ ಆಗಲೇ ಅಟ್ಟದ ಮೇಲೆ ತಲೆ ತಗ್ಗಿಸಿ ಅಡಗಿ ಕೂತಿದ್ದ. ಹಕ್ಕಿ ಕಾಯಲು ಬಂದೆ ಅಂದ. ಕವಣೆ ಮನೆಯಲ್ಲಿ ಗೂಟಕ್ಕೆ ನೇತಾಡುತ್ತಿದ್ದದ್ದನ್ನು ನಾನೇ ನೋಡಿ ಬಂದಿದ್ದೆ. ಅಟ್ಟದ ಕೆಳಗೆ, ಬದು ಕಾಣುವ ಹಾಗೆ, ಜೋಳದಲ್ಲಿ ಕೂತೆ.

ಬಿಸಿಲು ಬಲಿಯುವ ಹೊತ್ತಿಗೆ ಮಾಮಾ ಬಂದರು. ತಮ್ಮ ಹೊಲದಲ್ಲೇ ಇದ್ದರು, ನಮ್ಮ ಕಡೆ ಬೆನ್ನು ಮಾಡಿ. ಕಡಲೆ ನೋಡುತ್ತ ನೋಡುತ್ತ ಬದುವಿನ ಹತ್ತಿರಕ್ಕೆ ಬಂದಾಗ ಗೊಂಬೆ ಹಾಡಿತು.

ಕಾಕಾನ ದನಿ, ಆ ಇಳಿಸಿ ಹಿಡಿದ ಸೊಲ್ಲು, ಜೋಳದ ಮೇಲೆ ಹಾಯ್ದು ಹೋಯಿತು. ನಿಂತಿತು. ಮಾಮಾ ಬಗ್ಗಿದವರು ಹಾಗೇ ಬಗ್ಗಿಕೊಂಡಿದ್ದರು. ಏನೂ ಆಗಲಿಲ್ಲ. ಮೇಲೆ ಅಟ್ಟದ ಕಟ್ಟಿಗೆ ಕಿರ್ ಅಂತು.

ಅವರು ಎದ್ದು ನಿಂತು ಟೋಪಿಯ ಕಡೆ ನೋಡಿದರು. "ಈ ಸುಡುಗಾಡ ಗೊಂಬಿ," ಅಂದರು. ಹೋಗಿಬಿಡುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ನಾಲ್ಕು ಹೆಜ್ಜೆ ಅತ್ತ ಹೋದರು, ಇತ್ತ ಬಂದರು, ಗೊಂಬೆ ಮತ್ತೆ ಹಾಡಿತು. ಈ ಸಲ ಅವರ ತುಟಿ ಅಲುಗಾಡಿದ್ದು ಕಂಡಿತು. ದನಿ ಬರಲಿಲ್ಲ. ಗೊಂಬೆ ಸುಮ್ಮನಾಯಿತು. ಅವರು ಕಲ್ಲಿನ ಹಾಗೆ ನಿಂತಿದ್ದರಿಂದ ಸೆನ್ಸರಿಗೆ ಏನೂ ಕಾಣಲಿಲ್ಲ, ಅದು ಮತ್ತೆ ಹಾಡಲೇ ಇಲ್ಲ. ಹಾಳಾದ ಸೆನ್ಸರು, ಈಗಲಾದರೂ ಹಾಡಬಾರದೇ ಅಂತ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಆಗ ಮಾಮಾ ಏನು ಮಾಡಿದರು ಗೊತ್ತೇ? ಅತ್ತಿತ್ತ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬದು ದಾಟಿ ಬಂದು, ಹೆಗಲ ಮೇಲಿನ ಟವೆಲ್ಲು ತೆಗೆದು ಗೊಂಬೆಯ ಎದೆಯ ಮುಂದೆ ಬೀಸಿದರು. ಹಾಡಿಸಿಕೊಳ್ಳಲು! ಗೊಂಬೆ ಹಾಡಿತು. ಸೊಲ್ಲು ಮುಗಿಯುವ ಮುಂಚೆಯೇ, ಮೊದಲಿನ ಹಾಗೆಯೇ, ಮಾಮಾ ಎತ್ತಿಕೊಂಡರು.

ಪೇಟಿ ಇಲ್ಲ, ತಾಳ ಇಲ್ಲ, ಎದುರಿಗೆ ಗಡಿಗೆ ತಲೆಯ ಗೊಂಬೆ. ಗಟ್ಟಿಯಾಗಿ, ಪೂರ್ತಿ ಹಾಡಿದರು. ಅವರ ಸಾಲು ಮುಗಿಯಿತು. ಗೊಂಬೆಗೆ ಮುಂದಿನದು ಗೊತ್ತಿರಲಿಲ್ಲ. ಮುಂದಿನ ಸೊಲ್ಲು ಅಟ್ಟದ ಮೇಲಿನಿಂದ ಬಂತು.

ಮಾಮಾ ಗೊಂಬೆಯನ್ನು ನೋಡಿದರು. ಆಮೇಲೆ ಮೇಲೆ ನೋಡಿದರು. ಕಾಕಾ ಕಣ್ಣು ಮುಚ್ಚಿ ಹಾಡುತ್ತಿದ್ದ, ಇಳಿಸಿ ಹಿಡಿದೇ. ಅವರೂ ಬಿಡಲಿಲ್ಲ. ಹಾಡು ಕೊನೆ ಮುಟ್ಟುವವರೆಗೆ ಒಬ್ಬ ಮೇಲೆ, ಒಬ್ಬರು ಕೆಳಗೆ, ನಾನು ಜೋಳದಲ್ಲಿ ಕೂತು, ಒಂದು ಕೈಯಲ್ಲಿ ವಿಡಿಯೋ ಹಿಡಿಯುತ್ತ, ಸೆರಗಿಲ್ಲದ್ದಕ್ಕೆ ದುಪಟ್ಟಾದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದೆ.

"ಇಳಿಸಿ ಹಿಡಿಯಾಕ ಬರ್ತಿತ್ತೇನು ನಿನಗ?" ಅಂದರು ಮಾಮಾ, ಹಾಡು ಮುಗಿದ ಮೇಲೆ.

"ಬರ್ತಿತ್ತು."

"ಮತ್ತ ಅವತ್ತ್ಯಾಕ ಹಿಡೀಲಿಲ್ಲ?"

ಕಾಕಾ ಅಟ್ಟದಿಂದ ಇಳಿದ. ಇಳಿಯಲು ಬಹಳ ಹೊತ್ತು ತೆಗೆದುಕೊಂಡ. "ಸೊಕ್ಕು," ಅಂದ. "ತಪ್ಪಾತು ದೋಸ್ತಾ."

ಮಾಮಾ ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡರು. "ಸೀತನಿ ಮಾಡೀಯೋ, ಎಲ್ಲಾ ಗಿಣಿಗೆ ಕೊಟ್ಟೀಯೋ?" ಅಂದರು. ಕಾಕಾ ತೆನೆ ಮುರಿಯಲು ಓಡಿದ. ಸಗಣಿ ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು ಮೂವರೂ ತಿನ್ನುತ್ತ ಕೂತಾಗ ಮಾಮಾ ಕರಾರು ಹಾಕಿದರು: "ಸೋಮವಾರ ಪೇಟಿ ತರ್ತೀನಿ. ಆದ್ರ ಮೈಕು ನಿನ್ನ ಕೈಯಾಗ ಕೊಡಂಗಿಲ್ಲ. ಈ ಹುಡುಗಿ ಕೈಯಾಗ ಇರ್ಲಿ."

ಕಾಲೇಜಿನಲ್ಲಿ ವಿಡಿಯೋ ತೋರಿಸಿದೆ. ಇಬ್ಬರು ಹಿರಿಯರು ಹಾಡುತ್ತಿದ್ದಾರೆ, ನಡುವೆ ಗೊಂಬೆ, ಗೊಂಬೆಯ ಎರಡೂ ತೋಳಿನ ಮೇಲೆ ಗಿಣಿಗಳು ಆರಾಮಾಗಿ ಕೂತಿವೆ. ಪರೀಕ್ಷಕರು ಕೊನೆಯವರೆಗೆ ನೋಡಿ, "ಹಕ್ಕಿ ಎಲ್ಲಿ ಓಡ್ತಾವಮ್ಮಾ?" ಅಂದರು.

"ಓಡೂದಿಲ್ರಿ ಸರ್," ಅಂದೆ. ಸುಳ್ಳು ಹೇಳಿ ಏನು ಮಾಡುವುದು? ಸೆನ್ಸರು ಯಾಕೆ ತಪ್ಪು, ಅದರ ಬದಲು ಏನು ಹಾಕಬೇಕಿತ್ತು ಅಂತ ಬಿಡಿಸಿ ಹೇಳಿದೆ. ಅವರು ನಕ್ಕು ಪಾಸು ಮಾಡಿದರು. ವಿಡಿಯೋವನ್ನು ತಮ್ಮ ಫೋನಿಗೆ ಕಳಿಸು ಅಂದರು, ಅದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಶಿವರಾತ್ರಿಗೆ ಮಠದವರು ಬೇರೆ ಮೇಳ ಕರೆಸಲಿಲ್ಲ. ಈಗ ಸೋಮವಾರ ಭಜನೆಯಲ್ಲಿ ಜಮಖಾನದ ಅಂಚಿಗೆ, ಆಂಪ್ಲಿಫೈಯರ್ ಪಕ್ಕದಲ್ಲಿ ನನ್ನ ಜಾಗ. ಕಾಕಾ ಸೊಲ್ಲು ಹಿಡಿಯುವ ಮುಂಚೆ ಪೇಟಿ ಮಾಮಾ ನನ್ನ ಕಡೆ ನೋಡುತ್ತಾರೆ. ನಾನು ಮೈಕಿನ ಸ್ವಿಚ್ಚಿನ ಮೇಲೆ ಬೆರಳು ಇಡುತ್ತೇನೆ. ಕಾಕಾ ನನ್ನ ಬೆರಳು ನೋಡಿ, ಒಮ್ಮೆ ಕೆಮ್ಮಿ, ಇಳಿಸಿ ಹಿಡಿಯುತ್ತಾನೆ.